ಹುಬ್ಬಳ್ಳಿ ಪ್ಯಾಟಿ, ನಮ್ಮ ಚಿಗವ್ವನ ರೊಟ್ಟಿ

ನಮ್ಮ ಹುಲಗೂರಿನವರಿಗೆ ಪ್ಯಾಟಿ ಅಂದ್ರ ಹುಬ್ಬಳ್ಳಿ. ಅದು ಅಷ್ಟು ಬೆಳೆದದ್ದು ಈ ಸೀಮಿಯ ಎರಿಹೊಲದ ಹತ್ತಿಯಿಂದ ಅನ್ನೂದನ್ನ ಯಾರೂ ನೆನಸೂದಿಲ್ಲ ನೋಡ್ರಿ. 1861ರಾಗ ಅಮೆರಿಕಾದಾಗ ಅಂತರ್ಯುದ್ಧ ಸುರು ಆಗಿ, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರೂದು ನಿಂತಾಗ ಧಾರವಾಡ ಜಿಲ್ಲಾದ ಹತ್ತಿಗೆ ಭಾರೀ ರೇಟು ಬಂತು. 1880ರ ದಶಕದಾಗ ರೈಲು ಬಂತು, ರೈಲ್ವೆ ವರ್ಕ್‌ಶಾಪ್ ಬಂತು. ನೂಲಿನ ಗಿರಣಿಗೂ ಮಂದಿ ಹೊಂಟರು.

ನಮ್ಮ ಕಾಕಾನೂ ಒಂದು ಗಿರಣ್ಯಾಗ ಇದ್ದ. ಅದು ಮುಚ್ಚಿದ ಮ್ಯಾಲೆ ಆರು ತಿಂಗಳು ಕಟ್ಟಿ ಮ್ಯಾಲೆ ಸುಮ್ನ ಕುಂತಬಿಟ್ಟ. ಚಿಗವ್ವ ಕುಂಡ್ರಲಿಲ್ಲ. ಬಾಜೂ ಖಾನಾವಳಿಗೆ ದಿನಾ ಐವತ್ತು ಜ್ವಾಳದ ರೊಟ್ಟಿ ಬಡದು ಕೊಟ್ಟಳು, ಆಮ್ಯಾಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮೂರು ಹುಡುಗ್ರ ಸಾಲಿ ಅದರಾಗ ಮುಗೀತು. ಅಂಥಾ ಮನಿ ಆ ಓಣ್ಯಾಗ ಒಂದಲ್ಲ, ಎರಡಲ್ಲ.

ಈಗ ಹುಬ್ಬಳ್ಳಿಯೊಳಗ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಐತಿ. 2023ರಾಗ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆತು. ಆಗಲಿ, ಚಲೋನ ಆತು. ನನಗ ಮಾತ್ರ ಆ ಐವತ್ತು ರೊಟ್ಟಿನ ನೆನಪಾಗ್ತಾವ.

ಚಿಗವ್ವನ ಸೊಸಿ ಈಗ ಮಷಿನ್ ತಂದು ಖಡಕ್ ರೊಟ್ಟಿ ಪ್ಯಾಕೆಟ್ ಮಾಡಿ ಮಾರತಾಳ. ಚಿಗವ್ವಗ ಅದು ರೊಟ್ಟಿ ಅನ್ಸೂದಿಲ್ಲ. ಆದ್ರ ಪ್ಯಾಕೆಟ್ ಎಣಿಸಾಕ ದಿನಾ ಮುಂಜಾನೆ ಆಕೀನ ಕುಂಡ್ರತಾಳ.