ಬಾಯಿಮಾತಿಗೆ ಓಗೊಡುವ ಟಿವಿ: ಕನ್ನಡ ಎಷ್ಟು ತಿಳಿಯುತ್ತದೆ?

ರಿಮೋಟಿನ ಗುಂಡಿ ಒತ್ತುವ ಬದಲು ಬಾಯಿಮಾತಿನಿಂದಲೇ ಟಿವಿಯನ್ನು ನಿಯಂತ್ರಿಸಲು ನೆರವಾಗುವ ತಂತ್ರಾಂಶಕ್ಕೆ ಧ್ವನಿ ಸಹಾಯಕ ಎಂದು ಹೆಸರು. ಅಮೆಜಾನ್‌ನ ಅಲೆಕ್ಸಾ, ಗೂಗಲ್ ಅಸಿಸ್ಟೆಂಟ್, ಸ್ಯಾಮ್‌ಸಂಗ್‌ನ ಬಿಕ್ಸ್‌ಬಿ ಹಾಗೂ ಆಪಲ್‌ನ ಸಿರಿ ಈ ಪೈಕಿ ಹೆಚ್ಚು ಪರಿಚಿತವಾದವು. ಟಿವಿ ಹಾಕುವುದು, ಆರಿಸುವುದು, ಸದ್ದನ್ನು ಏರಿಳಿಸುವುದು, ಹಳೆಯ ಚಿತ್ರವೊಂದನ್ನು ಹುಡುಕಿ ತೋರಿಸುವುದು ಇವುಗಳ ಮುಖ್ಯ ಕೆಲಸ.

ಈ ಸೌಲಭ್ಯ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ರಿಮೋಟಿನ ಸಣ್ಣ ಅಕ್ಷರ ಕಾಣದ ಹಿರಿಯರಿಗೆ, ಕೈನಡುಕ ಉಳ್ಳವರಿಗೆ ಹಾಗೂ ದೃಷ್ಟಿದೋಷ ಇರುವವರಿಗೆ. ಕನಕಪುರ ರಸ್ತೆಯ ಕೋಣನಕುಂಟೆಯಂತಹ ಪ್ರದೇಶದಲ್ಲಿ ಹಳೆಯ ಊರಿನ ಮನೆಗಳೂ ಬಹುಮಹಡಿ ವಸತಿ ಸಮುಚ್ಚಯಗಳೂ ಅಕ್ಕಪಕ್ಕದಲ್ಲಿವೆ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗವು ಕೋಣನಕುಂಟೆ ಕ್ರಾಸ್ ಮೂಲಕ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡಿತು. ಇಂತಹ ಕಡೆ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ಟಿವಿ ಸಲೀಸಾಗಿ ಪಾಲಿಸುತ್ತದೆ. ಅದೇ ಮಾತನ್ನು ಅಜ್ಜಿ ಕನ್ನಡದಲ್ಲಿ ಹೇಳಿದರೆ ಪಾಲಿಸುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಹಿನ್ನೆಲೆ

ಸದ್ದಿನಿಂದ ಟಿವಿಯನ್ನು ನಡೆಸುವ ಕಲ್ಪನೆ ಹೊಸದಲ್ಲ. ಅಮೆರಿಕದ ಝೆನಿತ್ ಕಂಪನಿ 1950ರಲ್ಲಿ ತಂತಿ ಜೋಡಿಸಿದ ರಿಮೋಟನ್ನೂ 1955ರಲ್ಲಿ ಬೆಳಕಿನಿಂದ ಕೆಲಸ ಮಾಡುವ ರಿಮೋಟನ್ನೂ ಹೊರತಂದಿತು. 1956ರಲ್ಲಿ ಬಂದ ಅದರ ‘ಸ್ಪೇಸ್ ಕಮಾಂಡ್’ ರಿಮೋಟ್ ಮನುಷ್ಯರ ಕಿವಿಗೆ ಕೇಳದ ಶ್ರವಣಾತೀತ ಸದ್ದನ್ನು ಬಳಸುತ್ತಿತ್ತು. ಬೀಗದ ಕೈಗೊಂಚಲು ಅಲುಗಾಡಿದರೂ ಕೆಲವೊಮ್ಮೆ ಚಾನೆಲ್ ಬದಲಾಗಿಬಿಡುತ್ತಿತ್ತು. ಮುಂದೆ ಅವರಕ್ತ ಕಿರಣದ ರಿಮೋಟುಗಳು ಬಂದು ಸದ್ದಿನ ರಿಮೋಟು ಮೂಲೆ ಸೇರಿತು.

ಮನುಷ್ಯರ ಮಾತನ್ನೇ ಗ್ರಹಿಸುವ ಸಹಾಯಕಗಳು ಜನಬಳಕೆಗೆ ಬಂದದ್ದು 2011ರಲ್ಲಿ ಆಪಲ್ ಫೋನಿನಲ್ಲಿ ಸಿರಿ ಕಾಣಿಸಿಕೊಂಡ ಮೇಲೆ. 2014ರ ನವೆಂಬರ್‌ನಲ್ಲಿ ಅಲೆಕ್ಸಾ, 2016ರಲ್ಲಿ ಗೂಗಲ್ ಅಸಿಸ್ಟೆಂಟ್ ಬಂದವು. ಭಾರತಕ್ಕೆ 2017ರ ಏಪ್ರಿಲ್‌ನಲ್ಲಿ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಬಂದಿತು. ಸಾಮಾನ್ಯ ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಸಾಕು, ಆ ಟಿವಿಯಲ್ಲೂ ಮಾತಿನ ಹುಡುಕಾಟ ಸಾಧ್ಯವಾಯಿತು.

ಕೆಲಸ ಮಾಡುವ ಬಗೆ

ಅವರಕ್ತ ರಿಮೋಟ್ ಗುಂಡಿಯ ಸಂಕೇತವನ್ನಷ್ಟೇ ರವಾನಿಸಬಲ್ಲದು. ಆದ್ದರಿಂದ ಧ್ವನಿ ರಿಮೋಟಿನಲ್ಲಿ ಪುಟ್ಟ ಮೈಕ್ ಜತೆಗೆ ಬ್ಲೂಟೂತ್ ಸಂಪರ್ಕವೂ ಇರುತ್ತದೆ. ಮೈಕ್ ಗುಂಡಿ ಒತ್ತಿ ಹಿಡಿದು ಮಾತನಾಡಿದಾಗ, ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಅಳೆದು ಅಂಕಿಗಳಾಗಿ ಪರಿವರ್ತಿಸಲಾಗುತ್ತದೆ. ಆ ಅಂಕಿಗಳು ಮನೆಯ ವೈ-ಫೈ ಮೂಲಕ ಕಂಪನಿಯ ಸರ್ವರ್ ತಲುಪುತ್ತವೆ. ಅಲ್ಲಿ ಮಾತು ಮೊದಲು ಅಕ್ಷರವಾಗುತ್ತದೆ, ಬಳಿಕ ಅದರ ಉದ್ದೇಶವೇನೆಂದು ನಿರ್ಧಾರವಾಗುತ್ತದೆ, ಕೊನೆಗೆ ಟಿವಿಗೆ ಆದೇಶ ಹಿಂದಿರುಗುತ್ತದೆ.

ರಿಮೋಟಿಲ್ಲದೆ ದೂರದಿಂದಲೇ ಕೇಳಿಸಿಕೊಳ್ಳುವ ಟಿವಿ ಹಾಗೂ ಸ್ಪೀಕರುಗಳ ಮೈಕ್ ಸದಾ ತೆರೆದಿರುತ್ತದೆ. ‘ಅಲೆಕ್ಸಾ’ ಎಂಬಂತಹ ಕರೆಮಾತನ್ನು ಸಾಧನವೇ ಗುರುತಿಸಿ, ಅದು ಕೇಳಿಸಿದ ಮೇಲಷ್ಟೇ ಧ್ವನಿಯನ್ನು ಹೊರಗೆ ಕಳುಹಿಸಬೇಕು. ಆದರೆ ತಪ್ಪಿ ಎಚ್ಚರಗೊಳ್ಳುವುದೂ ಉಂಟು. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಗರ್ ಕಿಂಗ್ ತನ್ನ ಟಿವಿ ಜಾಹೀರಾತಿನಲ್ಲಿ ಗೂಗಲ್‌ನ ಕರೆಮಾತನ್ನೇ ಆಡಿಸಿ, ವೀಕ್ಷಕರ ಮನೆಯ ಸಾಧನಗಳನ್ನು ಎಬ್ಬಿಸಿತ್ತು.

ಕೋಣವೋ, ಕೋನವೋ?

ಕನ್ನಡಿಗರ ತೊಡಕು ಏನೆಂಬುದನ್ನು ‘ಕೋಣನಕುಂಟೆ’ ಎಂಬ ಹೆಸರೇ ತೋರಿಸಿಕೊಡುತ್ತದೆ. ಕೋಣ ಎಂದರೆ ಗಂಡೆಮ್ಮೆ, ಕುಂಟೆ ಎಂದರೆ ಸಣ್ಣ ಕೆರೆ. ‘ಣ’ಕಾರ ‘ನ’ಕಾರವಾದರೆ ಪ್ರಾಣಿ ಹೋಗಿ ರೇಖಾಗಣಿತದ ಕೋನ ಉಳಿಯುತ್ತದೆ. ‘ಹಳ್ಳಿ’ಯ ‘ಳ’ ತಪ್ಪಿದರೆ ಗೋಡೆಯ ‘ಹಲ್ಲಿ’. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಈ ವ್ಯತ್ಯಾಸಗಳೂ, ಹ್ರಸ್ವ ದೀರ್ಘಗಳೂ ಅಳಿಸಿಹೋಗುತ್ತವೆ. ಇಂಗ್ಲಿಷ್ ಭಾಷೆಗೆ ಹೊಂದಿಸಿದ ಸಹಾಯಕ ಕನ್ನಡ ಚಿತ್ರದ ಹೆಸರು ಕೇಳಿದಾಗ ತನಗೆ ಗೊತ್ತಿರುವ ಪದಗಳಲ್ಲಿ ಹತ್ತಿರವಾದುದನ್ನು ಹುಡುಕಿ ಎಡವುತ್ತದೆ.

ಉಚ್ಚಾರಣೆ ಸರಿಯಾಗಿ ತಿಳಿದರೂ ಅರ್ಥದ ತೊಡಕು ಉಳಿಯುತ್ತದೆ. ‘ಟಿವಿ ಆರಿಸು’ ಎಂದರೆ ಬಂದ್ ಮಾಡು. ‘ಚಾನೆಲ್ ಆರಿಸು’ ಎಂದರೆ ಆಯ್ಕೆ ಮಾಡು. ಕ್ರಿಯಾಪದ ಒಂದೇ, ಕೆಲಸ ಬೇರೆ. ಬೆಂಗಳೂರಿನವರು ‘ಟಿವಿ ಹಾಕು’ ಎಂದರೆ ಧಾರವಾಡದವರು ‘ಟಿವಿ ಹಚ್ಚು’ ಎನ್ನುತ್ತಾರೆ. ‘ಸೌಂಡ್ ಜಾಸ್ತಿ ಮಾಡು’, ‘ವಾಲ್ಯೂಮ್ ಏರಿಸು’ ಎರಡೂ ಒಂದೇ ಆದೇಶವೆಂದು ಯಂತ್ರಕ್ಕೆ ಕಲಿಸಬೇಕಾಗುತ್ತದೆ. ಹಾಗೆ ಕಲಿಸಲು ಎಲ್ಲ ಪ್ರಾಂತ್ಯಗಳ ಆಡುಮಾತಿನ ಧ್ವನಿಮುದ್ರಣ ಬೇಕು.

ಆ ದಿಕ್ಕಿನಲ್ಲಿ ಬೆಂಗಳೂರಿನಲ್ಲೇ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಹಾಗೂ ಗೂಗಲ್ ಜತೆಗೂಡಿ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆಯ ಗುರಿ, ದೇಶದ 773 ಜಿಲ್ಲೆಗಳ ಸುಮಾರು 10 ಲಕ್ಷ ಜನರಿಂದ 1,50,000 ಗಂಟೆಗೂ ಹೆಚ್ಚಿನ ಮಾತನ್ನು ಸಂಗ್ರಹಿಸುವುದು. ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮದೇ ನುಡಿಯಲ್ಲಿ ವಿವರಿಸಲು ಕೇಳಲಾಗುತ್ತದೆ. ಪಠ್ಯ ಓದಿಸುವುದಕ್ಕಿಂತ ಸಹಜ ಮಾತು ಹೀಗೆ ಸಿಗುತ್ತದೆ.

ಕನ್ನಡಕ್ಕೆ ಸಿಕ್ಕಿರುವ ಸ್ಥಾನ

ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳನ್ನು ತನ್ನ ಧ್ವನಿ ಟೈಪಿಂಗ್‌ಗೆ ಸೇರಿಸಿತು. 2019ರಲ್ಲಿ ಫೋನಿನ ಗೂಗಲ್ ಅಸಿಸ್ಟೆಂಟ್ ಕನ್ನಡ ಕಲಿಯಿತು. 2024ರ ಜೂನ್‌ನಲ್ಲಿ ಭಾರತಕ್ಕೆ ಬಂದ ಜೆಮಿನಿ ಆ್ಯಪ್‌ನ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು. ಅಲೆಕ್ಸಾ 2019ರ ಸೆಪ್ಟೆಂಬರ್‌ನಲ್ಲಿ ಕಲಿತ ಮೊದಲ ಭಾರತೀಯ ಭಾಷೆ ಹಿಂದಿ.

ಇಲ್ಲಿ ಖರೀದಿದಾರರು ಗಮನಿಸಬೇಕಾದ ಅಂಶವೊಂದಿದೆ. ಫೋನಿಗೆ ಕನ್ನಡ ಬಂದಿದೆ ಎಂದ ಮಾತ್ರಕ್ಕೆ ಅದೇ ಕಂಪನಿಯ ಟಿವಿಗೂ ಬಂದಿದೆ ಎಂದಲ್ಲ. ಪರದೆಯ ಮೆನು ಕನ್ನಡದಲ್ಲಿ ಕಾಣಿಸಿದರೂ ಧ್ವನಿ ಆಜ್ಞೆ ಕನ್ನಡದಲ್ಲಿ ನಡೆಯದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸಹಾಯಕದ ಭಾಷಾ ಪಟ್ಟಿಯನ್ನೇ ಪ್ರತ್ಯೇಕವಾಗಿ ತೆರೆದು ನೋಡಬೇಕು. ಕನ್ನಡ ಇಲ್ಲದಿದ್ದರೆ ಒಂದು ಅಡ್ಡದಾರಿಯುಂಟು: ಫೋನಿನ ಯೂಟ್ಯೂಬ್‌ನಲ್ಲಿ ಕನ್ನಡ ಕೀಲಿಮಣೆಯ ಮೈಕ್ ಒತ್ತಿ ಹೆಸರು ಹೇಳಿ ಹುಡುಕಿ, ಸಿಕ್ಕಿದ್ದನ್ನು ‘ಕಾಸ್ಟ್’ ಗುಂಡಿಯಿಂದ ಟಿವಿಗೆ ಕಳುಹಿಸುವುದು. ಚಿತ್ರದ ಹೆಸರಿನ ಜತೆ ನಟರ ಹೆಸರು ಅಥವಾ ಇಸವಿ ಸೇರಿಸಿದರೆ ಫಲಿತಾಂಶ ನಿಖರವಾಗುತ್ತದೆ. ‘ಗಂಧದ ಗುಡಿ’ ಎಂದಷ್ಟೇ ಹೇಳಿದರೆ ರಾಜ್‌ಕುಮಾರ್ ಅವರ 1973ರ ಚಿತ್ರವೂ ಬರಬಹುದು, ಪುನೀತ್ ಅವರ 2022ರ ಚಿತ್ರವೂ ಬರಬಹುದು.

ಎರಡು ರಿಮೋಟಿನ ಗೊಂದಲ

ಕೇಬಲ್ ಡಿಜಿಟಲೀಕರಣದ ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಂದಿಗೆ, ಬೆಂಗಳೂರು ಹಾಗೂ ಮೈಸೂರಿನ ಕೇಬಲ್ ಮನೆಗಳಿಗೆ ಸೆಟ್‌ಟಾಪ್ ಬಾಕ್ಸ್ ಅನಿವಾರ್ಯವಾಯಿತು. ಟಿವಿಗೊಂದು, ಬಾಕ್ಸ್‌ಗೊಂದು ಎಂದು ಎರಡು ರಿಮೋಟು ಬಂದವು. ‘ಉದಯ ಟಿವಿ ಹಾಕು’ ಎಂದು ಸ್ಮಾರ್ಟ್ ಟಿವಿಗೆ ಹೇಳಿದಾಗ ಅನೇಕ ಮನೆಗಳಲ್ಲಿ ಚಾನೆಲ್ ಬದಲಾಗದಿರಲು ಇದೇ ಕಾರಣ. ಚಾನೆಲ್ ಇರುವುದು ಬಾಕ್ಸ್‌ನಲ್ಲಿ. ಟಿವಿಗೆ ಎಚ್‌ಡಿಎಂಐ ತಂತಿಯಲ್ಲಿ ಬರುವ ಚಿತ್ರವಷ್ಟೇ ಗೊತ್ತು.

ಎಚ್‌ಡಿಎಂಐ-ಸಿಇಸಿ ಎಂಬ ಸೌಲಭ್ಯವನ್ನು ಚಾಲನೆಗೊಳಿಸಿದರೆ ಒಂದು ಸಾಧನ ಇನ್ನೊಂದನ್ನು ಎಬ್ಬಿಸಬಲ್ಲದು, ಸದ್ದನ್ನು ನಿಯಂತ್ರಿಸಬಲ್ಲದು. ಚಾನೆಲ್ ಬದಲಿಸಲು ಸಹಾಯಕ ಅಡಕವಾಗಿರುವ ಸೆಟ್‌ಟಾಪ್ ಬಾಕ್ಸ್ ಬೇಕು, ಇಲ್ಲವೇ ಧ್ವನಿಯ ಆದೇಶವನ್ನು ಅವರಕ್ತ ಸಂಕೇತವಾಗಿಸುವ ಐಆರ್ ಬ್ಲಾಸ್ಟರ್ ಬೇಕು. ವೈ-ಫೈ ಕಡಿದರೆ ಬಹುಪಾಲು ಧ್ವನಿ ಆಜ್ಞೆಗಳು ನಿಲ್ಲುತ್ತವೆ. ವಿದ್ಯುತ್ ಹೋಗಿ ಬಂದ ಬಳಿಕ ರೂಟರ್ ಸಿದ್ಧವಾಗುವವರೆಗೆ ಗುಂಡಿಯ ರಿಮೋಟೇ ಗತಿ. ಆದ್ದರಿಂದ ಹಳೆಯ ರಿಮೋಟನ್ನು ಎಸೆಯುವಂತಿಲ್ಲ.

ದೃಷ್ಟಿದೋಷ ಉಳ್ಳವರು ಪರದೆಯ ಬರಹವನ್ನು ಓದಿ ಹೇಳುವ ಸೌಲಭ್ಯವನ್ನೂ ಚಾಲನೆಗೊಳಿಸಿಕೊಳ್ಳಬಹುದು. ಆಂಡ್ರಾಯ್ಡ್ ಟಿವಿಗಳಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಫೈರ್ ಟಿವಿಯಲ್ಲಿ ವಾಯ್ಸ್‌ವ್ಯೂ.

ಮನೆಮಾತಿನ ಗುಟ್ಟು

ಧ್ವನಿ ಮನೆಯಿಂದ ಹೊರಹೋಗುತ್ತದೆ ಎಂಬುದನ್ನು ಮರೆಯಬಾರದು. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಉಳಿಸಿಕೊಂಡ ಆರೋಪದ ಪ್ರಕರಣದಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ಅಂಕಿತ ಬಿದ್ದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪ್ರಮುಖ ಬಾಧ್ಯತೆಗಳ ಪಾಲನೆಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು.

ಮೈಕ್ ಗುಂಡಿ ಒತ್ತಿದಾಗ ಮಾತ್ರ ಕೇಳಿಸಿಕೊಳ್ಳುವ ರಿಮೋಟ್, ಸದಾ ಕಿವಿಗೊಡುವ ಟಿವಿಗಿಂತ ಕ್ಷೇಮ. ಸದಾ ತೆರೆದ ಮೈಕ್ ಇರುವ ಸಾಧನದಲ್ಲಿ, ಬಳಸದ ಹೊತ್ತು ಅದನ್ನು ಸ್ವಿಚ್‌ನಿಂದ ಆರಿಸಿಡಬಹುದು. ಹಳೆಯ ಧ್ವನಿಮುದ್ರಣಗಳನ್ನು ಅಲೆಕ್ಸಾ ಆ್ಯಪ್ ಅಥವಾ ಗೂಗಲ್ ಖಾತೆಯ ಚಟುವಟಿಕೆ ಪುಟದಲ್ಲಿ ನೋಡಿ ಅಳಿಸಬಹುದು. ಮಾತಿನಿಂದಲೇ ಖರೀದಿ ನಡೆಯುವ ಸೌಲಭ್ಯವಿದ್ದರೆ ಅದಕ್ಕೆ ಪಿನ್ ಇಡುವುದು ಒಳಿತು.

ಖರೀದಿಗೆ ಮುನ್ನ ಮಾಡಬೇಕಾದ ಪರೀಕ್ಷೆ ಸರಳ. ಟಿವಿಯನ್ನು ಹೆಚ್ಚು ನೋಡುವ ಹಿರಿಯರನ್ನೇ ಅಂಗಡಿಗೆ ಕರೆದೊಯ್ದು, ಅವರಿಂದಲೇ, ಅವರದೇ ಮಾತಿನಲ್ಲಿ ಮೂರು ಆಜ್ಞೆ ಹೇಳಿಸಬೇಕು: ಸದ್ದು ತಗ್ಗಿಸು, ಇಂಥ ಚಿತ್ರ ತೋರಿಸು, ಟಿವಿ ಆರಿಸು. ಮಾರಾಟಗಾರ ಇಂಗ್ಲಿಷಿನಲ್ಲಿ ಹೇಳಿ ತೋರಿಸುವ ಪ್ರಾತ್ಯಕ್ಷಿಕೆಯಿಂದ ಆ ಮನೆಗೆ ಬೇಕಾದ ಉತ್ತರ ಸಿಗದು.