ಕಸದ ಎಣ್ಣೆಗೂ ಒಂದು ಹದ ಇದೆ

ಈ ಸಲದ ಹೊಲದ ಟಿಪ್ಪಣಿ ಸ್ವಲ್ಪ ಇತಿಹಾಸದ ಕಡೆ ಹೋಗುತ್ತೆ. ಉದ್ದ ಆದರೂ ಪೂರ್ತಿ ಓದಿ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಗೋವಿನಜೋಳದಲ್ಲಿ ಅಗಲ ಎಲೆಯ ಕಸ ಎದ್ದಿತ್ತು, ಆಳು ಸಿಗಲಿಲ್ಲ. 2,4-ಡಿ ಎಸ್ಟರ್ ತಂದು ಮಟಮಟ ಮಧ್ಯಾಹ್ನ, ಗಾಳಿ ಬೀಸುವಾಗಲೇ ಹೊಡೆದೆ. ಕಸ ಸತ್ತಿತು. ಆದರೆ ಸ್ವಲ್ಪ ದಿನಕ್ಕೆ ಬದುವಿನ ಆಚೆ ಕಾಕಾರ ಹತ್ತಿಯಲ್ಲಿ ಹೊಸ ಎಲೆಗಳು ಬೆಂಡೆ ಎಲೆ ಥರ ಸೀಳಿಕೊಂಡು ಮುದುಡಿ ಬಂದವು. ಕಾಕಾ ಬೈಯಲಿಲ್ಲ. "ಯಾವ ಹೊತ್ತಿಗೆ ಹೊಡದ್ಯೋ ತಮ್ಮಾ?" ಅಂದರು ಅಷ್ಟೆ. ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆಮೇಲೆ ಈ ಎಣ್ಣೆಯ ಕಥೆ ಹುಡುಕಿ ಓದಿದೆ.

1880ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್, ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆ ಬೆಳಕಿನ ಕಡೆ ಯಾಕೆ ಬಾಗುತ್ತೆ ಅಂತ ಬರೆದರು. ತುದಿಗೆ ಟೊಪ್ಪಿಗೆ ಹಾಕಿದರೆ ಅದು ಬಾಗುತ್ತಿರಲಿಲ್ಲ. ತುದಿಯಿಂದ ಕೆಳಕ್ಕೆ ಏನೋ ಸುದ್ದಿ ಹೋಗುತ್ತೆ ಅಂತಾಯ್ತು. 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯಲ್ಲಿ ಆ ಸುದ್ದಿ ಒಂದು ರಾಸಾಯನಿಕ ಅಂತ ತೋರಿಸಿದರು. ಅದೇ ಆಕ್ಸಿನ್, ಗಿಡ ಬೆಳೆಸುವ ಹಾರ್ಮೋನು. ಅದನ್ನೇ ಹೋಲುವ 2,4-ಡಿ ಕಸ ಕೊಲ್ಲುತ್ತೆ ಅನ್ನೋದು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಗೊತ್ತಾಯ್ತು. ಬಹಳಷ್ಟು ಕೆಲಸ ಗುಟ್ಟಾಗಿ ನಡೆದಿತ್ತು. 1945ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು.

ಅಂದರೆ ಇದು ಗಿಡಕ್ಕೆ ಕೊಡುವ ಸುಳ್ಳು ಸುದ್ದಿ. "ಬೆಳೆ, ಬೆಳೆ" ಅಂತ ಹೇಳಿ ತಿರುಚಿ ಸಾಯಿಸುತ್ತೆ. ಬೆಳೀತಾ ಇರೋ ಗಿಡಕ್ಕೆ ಮಾತ್ರ ಈ ಸುದ್ದಿ ಚೆನ್ನಾಗಿ ಮುಟ್ಟುತ್ತೆ. ಅದಕ್ಕೇ ಎರಡರಿಂದ ನಾಲ್ಕು ಎಲೆಯ ಎಳೆ ಕಸ, ನೆಲದಲ್ಲಿ ಹಸಿ ಇರುವಾಗ ಹೊಡೆದರೆ ಸಾಯುತ್ತೆ. ಬಿಸಿಲಿಗೆ ಬಾಡಿದ ಕಸದಲ್ಲಿ ಎಣ್ಣೆ ಒಳಗೆ ಓಡಾಡೋದೇ ಕಮ್ಮಿ. ಜೋಳ ಎತ್ತರ ಆದಮೇಲೆ ಹೊಡೆದರೆ ಅದರ ದಂಟೂ ಪೆಡಸಾಗಿ ಗಾಳಿಗೆ ಮುರಿಯುತ್ತೆ.

ಗಾಳಿಯ ಪಾಠ ಇನ್ನೂ ಮುಗಿದಿಲ್ಲ. ಎಸ್ಟರ್ ಎಲೆಯ ಮೇಣದೊಳಗೆ ಬೇಗ ಇಳಿಯುತ್ತೆ, ಮಳೆಗೆ ಸುಲಭಕ್ಕೆ ತೊಳೆಯಲ್ಲ. ಆದರೆ ಬಿಸಿಗೆ ಆವಿಯಾಗಿ ಹಾರುತ್ತೆ. ಅಮೈನ್ ಉಪ್ಪು ಅಷ್ಟು ಹಾರಲ್ಲ, ಆದರೆ ಹೊಡೆದ ಮೇಲೆ ಹೆಚ್ಚು ಹೊತ್ತು ಮಳೆ ಬರಬಾರದು. ಹತ್ತಿಗೆ ಎರಡರ ಹನಿಯೂ ಆಗಲ್ಲ. ಇದೇ ಗುಂಪಿನ ಡೈಕಾಂಬಾ 2017ರಲ್ಲಿ ಅಮೆರಿಕದಲ್ಲಿ ಹಾರಿ, ಒಂದು ಅಂದಾಜಿನಂತೆ 36 ಲಕ್ಷ ಎಕರೆ ಸೋಯಾ ಕೆಡಿಸಿತು. ಆಮೇಲೆ ಲೇಬಲ್ ಮೇಲೆ ಹೊತ್ತೇ ಬರೆದರು: ಸೂರ್ಯ ಹುಟ್ಟಿ ಒಂದು ಗಂಟೆ ಆದಮೇಲೆ, ಮುಳುಗುವ ಎರಡು ಗಂಟೆ ಮೊದಲು.

ನಸುಕಿನಲ್ಲಿ ಗಾಳಿ ಇಲ್ಲ, ಆಗಲೇ ಹೊಡೆಯೋಣ ಅನ್ನೋರಿದ್ದೀರಿ. ಅದೂ ತಪ್ಪು. ತಣ್ಣನೆ ಗಾಳಿ ನೆಲ ಹಿಡಿದು ನಿಂತಾಗ ಸಣ್ಣ ಹನಿ ಕೆಳಗೆ ಕೂರದೆ ತೇಲಿ ದೂರ ಹೋಗುತ್ತೆ. ಸ್ವಲ್ಪ ಕಸಕ್ಕೆ ಬೆಂಕಿ ಹಾಕಿ ನೋಡಿ. ಹೊಗೆ ಚಾಪೆ ಥರ ಹಾಸಿಕೊಂಡರೆ ಪಂಪ್ ಇಳಿಸಿ. ಮೇಲೆದ್ದು ಮೆಲ್ಲಗೆ, ಪಕ್ಕದವರ ಬೆಳೆ ಇಲ್ಲದ ದಿಕ್ಕಿಗೆ ಸರಿದರೆ ಹೊಡೀರಿ.

ಕುಂಟೆ ಹೊಡೆಯೋಕೆ ನಮ್ಮ ಹಿರಿಯರು ಹದ ನೋಡ್ತಿದ್ದರು. ನೆಲ ಹಸಿಯಾದರೆ ಕಸ ಮತ್ತೆ ಬೇರು ಹಿಡಿಯುತ್ತೆ, ಒಣಗಿದರೆ ಕುಂಟೆ ಇಳಿಯಲ್ಲ. ಎಣ್ಣೆ ಬಂದಮೇಲೆ ಹದ ಬೇಡ ಅಂದುಕೊಂಡೆವು. ಎಣ್ಣೆಗೆ ನೆಲದ ಹದದ ಜೊತೆ ಗಾಳಿಯ ಹದವೂ ಬೇಕು.

ಆ ವರ್ಷ ಕಾಕಾಗೆ ಹೋದ ಹತ್ತಿಗೆ ದುಡ್ಡು ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಅವರ ಬದುವಿನ ಕಡೆಯ ಸಾಲುಗಳಿಗೆ ಇವತ್ತಿಗೂ ನಾನು ಎಣ್ಣೆ ಮುಟ್ಟಿಸಲ್ಲ, ಎಡೆಕುಂಟೆನೇ ಹೊಡೆಯೋದು.