ಊರಮನೆಯ ಮಾಡು ಮತ್ತು ಮಂಗಳೂರು ಹೆಂಚಿನ ಲೆಕ್ಕ

ಮಳೆಗಾಲ ಹತ್ತಿರ ಬಂದಂತೆ ಪರಸ್ಥಳದಲ್ಲಿರುವ ನಮಗೆ ಊರಿನಿಂದ ಬರುವ ಸುದ್ದಿ ಸಾಮಾನ್ಯವಾಗಿ ಒಂದೇ: ಮಾಡು ಸೋರುತ್ತಿದೆ, ಹೆಂಚು ಇಳಿಸಿ ಶೀಟು ಹಾಕಿಸೋಣವೇ? ಹೆಂಚು ಹಳೆಯ ಕಾಲದ್ದು, ಶೀಟು ಹೊಸದು ಮತ್ತು ಅಗ್ಗದ್ದು ಎಂಬ ಭಾವನೆ ಈ ಪ್ರಶ್ನೆಯ ಹಿಂದಿದೆ. ಆದರೆ ನಮ್ಮ ಹಿರಿಯರಿಗೆ ಮಂಗಳೂರು ಹೆಂಚೂ ಕಾರ್ಖಾನೆಯಿಂದ ಬಂದ ಹೊಸ ಸರಕೇ ಆಗಿತ್ತು. ಅವರೂ ಲೆಕ್ಕ ಹಾಕಿಯೇ ಅದನ್ನು ಕೊಂಡರು.

ಅದಕ್ಕೆ ಮೊದಲು ಕರಾವಳಿಯ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಇಲ್ಲವೇ ತೆಂಗು ಅಡಿಕೆಗಳ ಗರಿಯೇ ಹೊದಿಕೆ. ಕೈಯಿಂದ ಕಾಸು ಬಿಚ್ಚಬೇಕಾಗಿರಲಿಲ್ಲ, ನಿಜ. ಆದರೆ ವರ್ಷ ವರ್ಷವೂ ಹೊದೆಸುವ ದುಡಿಮೆ, ಮೇಲೆ ಬೆಂಕಿಯ ಭಯ. ಅನುಕೂಲಸ್ಥರು ಕುಂಬಾರರ ನಾಡಹೆಂಚು ಹಾಕಿಸುತ್ತಿದ್ದರು. ಅದನ್ನು ಒಂದರ ಮೇಲೊಂದು ಪೇರಿಸಬೇಕಾದ್ದರಿಂದ ಭಾರ ಹೆಚ್ಚು, ಹೊರುವ ಮರವೂ ಹೆಚ್ಚು. ಮಂಗಗಳು ಒಮ್ಮೆ ಹಾದು ಹೋದರೆ ಸಾಕು, ಮತ್ತೆ ಕೈಯಾಡಿಸಬೇಕು. (ಧಾರವಾಡ, ವಿಜಾಪುರದ ಕಡೆಯ ಮಾಳಿಗೆ ಮನೆಗಳ ಮಾತು ಬೇರೆ, ಮಣ್ಣಿನ ಮೇಲುಮುದ್ದೆ ಕಡಿಮೆ ಮಳೆಯ ನಾಡಿನ ಜಾಣತನ.)

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡಲೆಂದು ನೇಯ್ಗೆ, ಮುದ್ರಣಗಳನ್ನು ಆರಂಭಿಸಿತ್ತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಅಲ್ಲೇ ಇತ್ತು. ಅಚ್ಚಿನ ಮಾದರಿ ಮಾತ್ರ ಯೂರೋಪಿನದು; ಆಲ್ಸೇಸಿನ ಗಿಲಾರ್ಡೋನಿ ಸೋದರರು 1841ರಲ್ಲೇ ಒಂದಕ್ಕೊಂದು ಕಚ್ಚಿ ಕೂರುವ ಹೆಂಚಿಗೆ ಪೇಟೆಂಟು ಪಡೆದಿದ್ದರು. ಈ ಕಚ್ಚೇ ಎಲ್ಲದರ ಗುಟ್ಟು. ಪೇರಿಸುವ ಅಗತ್ಯ ತಪ್ಪಿತು, ಭಾರ ಇಳಿಯಿತು, ಪಕ್ಕಾಸು ರೀಪುಗಳ ಮರ ಉಳಿಯಿತು. ಸ್ಥಳೀಯ ಉದ್ಯಮಿಗಳೂ ಬೇಗನೆ ಕಾರ್ಖಾನೆಗಳನ್ನು ಹೂಡಿದರು. ಮಂಜಿಗಳಲ್ಲಿ ಹೆಂಚು ಮುಂಬಯಿಗೆ, ಸಿಲೋನಿಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಮರಾಠಿಯಲ್ಲಿ ಇಂದಿಗೂ ಅದು 'ಮಂಗಲೋರಿ ಕೌಲ'. ನಮ್ಮವರು ಹೊಟ್ಟೆಪಾಡಿಗೆ ಬಂದು ಸೇರಿದ ಎಷ್ಟೋ ಚಾಳುಗಳ ನೆತ್ತಿಯ ಮೇಲೆ ನಮ್ಮೂರ ಮಣ್ಣೇ ಇತ್ತು!

ಹೆಂಚಿನ ಬೆನ್ನಲ್ಲಿ 1865 ಎಂದು ಕಂಡರೆ ಮನೆಗೆ ಅಷ್ಟು ವಯಸ್ಸಾಯಿತೆಂದು ಹಿಗ್ಗಬೇಕಾಗಿಲ್ಲ. ಅದು ಕಾರ್ಖಾನೆ ಹುಟ್ಟಿದ ಇಸವಿ.

ಇನ್ನು ಶೀಟಿನ ವಿಚಾರ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ತೂಕ 35 ಕಿಲೋ ಮೀರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು 5 ಕಿಲೋಗೂ ಕಡಿಮೆ. ಹಗುರವಾದ ಚೌಕಟ್ಟು ಸಾಕಾಗುವುದೇ ಅದರ ಅಗ್ಗದ ಮೂಲ. ಆದರೆ ನಡುಹಗಲಿನ ಕಾವು, ಮಳೆಯ ಸದ್ದು, ಕರಾವಳಿಯ ಉಪ್ಪುಗಾಳಿಗೆ ಹಿಡಿಯುವ ತುಕ್ಕು ಅಂದಾಜು ಪಟ್ಟಿಯಲ್ಲಿ ಕಾಣುವುದಿಲ್ಲ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಅದು ಹೀರಿದ ನೀರು ಆರುವಾಗ ತಂಪಾಗುತ್ತದೆ. 1901ರಲ್ಲಿ ಆಸ್ಟ್ರಿಯದ ಹಾಟ್ಶೆಕ್ ಪೇಟೆಂಟು ಪಡೆದ ಆಸ್ಬೆಸ್ಟಾಸ್ ಸಿಮೆಂಟು ಶೀಟನ್ನಂತೂ ನಾವು ಯಾರಿಗೂ ಹೇಳಲಾರೆವು. ಅದರ ಎಳೆಗಳು ಉಸಿರಿನೊಂದಿಗೆ ಒಳಸೇರಿದರೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಹಳೆಯದಿದ್ದರೆ ಒಡೆಯದೆ, ಕೊಯ್ಯದೆ, ನೀರು ಚಿಮುಕಿಸಿ ಇಳಿಸಬೇಕು.

ಹಾಗಾದರೆ ಹೆಂಚೇ ಸರಿಯೇ? ಮನೆಯಲ್ಲಿ ಅತ್ತಿಗೆಯೋ ಚಿಕ್ಕಪ್ಪನೋ ಇದ್ದು, ಸರಿದ ಹೆಂಚನ್ನು ಆಗಲೇ ಕೂರಿಸುವುದಾದರೆ ಸರಿ. ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆಯಲ್ಲಿ ಒಂದು ಹೆಂಚು ಸರಿದರೂ ಆ ಮಳೆಗಾಲದಲ್ಲೇ ತೊಲೆ ಕುಂಬಾಗುತ್ತದೆ. ಅಂಥ ಮನೆಗೆ ತಗಡೇ ಲೇಸೆಂದು ಒಪ್ಪುವುದು ನಮಗೂ ಸಂಕಟವೇ.

ಸಾಮಾನ್ಯವಾಗಿ ಮೊದಲು ಕೆಡುವುದು ಮರ, ಹೆಂಚಲ್ಲ. ಆದ್ದರಿಂದ ಹೆಂಚುಗಳನ್ನು ಜೋಪಾನವಾಗಿ ಇಳಿಸಿ, ಬೆರಳಿನಿಂದ ತಟ್ಟಿ, ಕಣಕಣ ಎನ್ನುವುದನ್ನು ಒಂದು ಕಡೆ, ಬೋದು ಸದ್ದಿನದನ್ನು ಇನ್ನೊಂದು ಕಡೆ ಇಡಿಸಿರಿ. ರೀಪಿಗೆ ಕಬ್ಬಿಣದ ಪೈಪು ಹಾಕಿಸಿದರೆ ಹಳೆಯ ಹೆಂಚಿನಲ್ಲೇ ಬಹುಭಾಗ ಮುಚ್ಚಬಹುದು. ಸಾಲದ್ದಕ್ಕೆ ಹೊಸದು ಕೊಳ್ಳುವಾಗ ಹಳೆಯದೊಂದನ್ನು ಜೊತೆಗೆ ಒಯ್ದು ಕಚ್ಚು ಕೂಡುವುದೇ ನೋಡಬೇಕು; ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ಕೂದಲೆಳೆಯಷ್ಟು ಬೇರೆಯಿರುವುದುಂಟು.